ಈ ಚಿತ್ರದಲ್ಲಿ ಬೋಟ್ ಯಾಕಿಲ್ಲ? ‘ಸುಂದರ’, ‘ಭವ್ಯ’ಗಳ ಬಗ್ಗೆ ಒಂದು ಪ್ರಶ್ನೆ

ಡ್ರಾಯಿಂಗ್ ಮೇಷ್ಟ್ರು, ಕಾರವಾರ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ನಾನು ಕಾರವಾರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ನನ್ನ ಊರು ಘಟ್ಟದ ಮೇಲೆ, ಶಿರಸಿ ಕಡೆ. ಮಳೆಗಾಲದಲ್ಲಿ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಸ್ಕೆಚ್ ಮಾಡಿಸಲು ಆಗುವುದಿಲ್ಲ. ಶೀಟು ತೇವವಾಗಿ ಪೆನ್ಸಿಲ್ ತಾಗಿದರೆ ಹರಿಯುತ್ತದೆ. ಹಾಗಾಗಿ ಜೂನ್, ಜುಲೈನಲ್ಲಿ ಕ್ಲಾಸಿನ ಟಿವಿಯಲ್ಲಿ ಚಿತ್ರ ತೋರಿಸುವುದು, ಅದರ ಬಗ್ಗೆ ಮಾತಾಡುವುದು. ಈ ಸಲ ಯುರೋಪಿನ ಚಿತ್ರಕಲೆಯ ರೊಮ್ಯಾಂಟಿಕ್ ಕಾಲ, ಅಂದರೆ ಸುಮಾರು ಇನ್ನೂರು ವರ್ಷದ ಹಿಂದಿನದು, ಹಿಡಿದುಕೊಂಡೆ. ಒಂಬತ್ತನೇ ಕ್ಲಾಸಿನ ಪೋರ್ಷನ್ನಿನಲ್ಲಿ ಇದೇನೂ ಇಲ್ಲ. ನನಗೆ ಇಷ್ಟ, ಅಷ್ಟೇ ಕಾರಣ.

ತೋರಿಸಿದ್ದು ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್ ಬಿಡಿಸಿದ ‘ಕಡಲ ದಡದಲ್ಲಿ ಸನ್ಯಾಸಿ’. 1808ರಿಂದ 1810ರ ನಡುವೆ ಆದ ಕೆಲಸ, ಈಗ ಬರ್ಲಿನ್ನಿನಲ್ಲಿದೆ. ನೋಡಿಲ್ಲದವರಿಗೆ ಹೇಳುತ್ತೇನೆ. ಕೆಳಗೆ ಬಿಳಿಚಿದ ಮರಳಿನ ಒಂದು ಪಟ್ಟಿ. ಅದರ ಮೇಲೆ ಕಪ್ಪು ಸಮುದ್ರ, ಅದೂ ತೆಳು ಪಟ್ಟಿಯೇ. ಉಳಿದದ್ದೆಲ್ಲ ಆಕಾಶ. ಮರಳಿನ ಮೇಲೆ ಒಬ್ಬ ಸನ್ಯಾಸಿ ಕಪ್ಪು ನಿಲುವಂಗಿ ಹಾಕಿಕೊಂಡು ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದಾನೆ. ತುಂಬಾ ಸಣ್ಣವನು. ಮರ ಇಲ್ಲ, ಮನೆ ಇಲ್ಲ. ಕೆಲವು ಕಡಲಹಕ್ಕಿ ಬಿಟ್ಟರೆ ಬೇರೇನೂ ಇಲ್ಲ.

ನಾನು ಹುರುಪಿನಲ್ಲಿ ಹೇಳುತ್ತಾ ಹೋದೆ. ಸುಂದರ ಬೇರೆ, ಭವ್ಯ ಬೇರೆ. ಗುಲಾಬಿ ಸುಂದರ, ಬಿರುಗಾಳಿ ಭವ್ಯ. ಸುಂದರವಾದದ್ದು ನಮ್ಮನ್ನು ಹತ್ತಿರ ಕರೆಯುತ್ತದೆ. ಭವ್ಯವಾದದ್ದು ನಮ್ಮನ್ನು ಸಣ್ಣವರನ್ನಾಗಿ ಮಾಡಿ ನಿಲ್ಲಿಸುತ್ತದೆ, ಆದರೂ ಕಣ್ಣು ತೆಗೆಯಲು ಆಗುವುದಿಲ್ಲ. ಹೀಗೆಲ್ಲ.

ಹಿಂದಿನ ಬೆಂಚಿನಲ್ಲಿ ಬೈತಖೋಲ (ಇಲ್ಲಿನ ಮೀನುಗಾರಿಕೆ ಬಂದರು) ಕಡೆಯ ಒಬ್ಬ ಹುಡುಗ ಕೈ ಎತ್ತಿದ. ಮೀನುಗಾರರ ಮನೆಯವನು. “ಸರ್, ಅವ ಯಾರನ್ನ ಕಾಯ್ತಾ ಇದ್ದಾನೆ? ಬೋಟ್ ಎಲ್ಲಿ?”

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಸಾಲಿನ ಹುಡುಗಿ ಉತ್ತರ ಕೊಟ್ಟಳು. “ಬಂದ್ ಟೈಮ್ ಇರ್ಬೇಕು.”

ಕ್ಲಾಸ್ ಪೂರ್ತಿ ನಕ್ಕಿತು, ನಾನೂ ನಕ್ಕೆ. ಹೊರಗಿನವರಿಗೆ ಒಂದು ಮಾತು: ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಖಾಲಿ ಸಮುದ್ರ ಕಂಡರೆ ಈ ಮಕ್ಕಳಿಗೆ ಅನಂತ ನೆನಪಾಗುವುದಿಲ್ಲ, ಬಂದ್ ನೆನಪಾಗುತ್ತದೆ.

ಈಗ ನನ್ನ ಪ್ರಶ್ನೆ. ಜುಲೈನಲ್ಲಿ ಘಟ್ಟದ ಮೇಲಿನ ನಮ್ಮ ನೆಂಟರು ಬಂದರೆ ಟಾಗೋರ್ ಬೀಚಿನ ಕಟ್ಟೆ ಮೇಲೆ ನಿಂತು ‘ಅಬ್ಬಾ’ ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಕಾಳಿ ಹೊಳೆಯ ಕೆಂಪು ನೀರು ಸೇರಿ, ತೆರೆ ಎದ್ದು, ದೇವಗಡ ದ್ವೀಪದ ದೀಪಸ್ತಂಭವೂ ಕಾಣದ ಹಾಗೆ ಮಳೆ ಹಿಡಿದಾಗ ಮೈ ಜುಮ್ ಅನ್ನುತ್ತದೆ. ಆದರೆ ಅದೇ ಕಡಲಿನಲ್ಲಿ ದುಡಿಯುವ ಮನೆಯ ಮಕ್ಕಳಿಗೆ ಇದು ಭವ್ಯ ಅಲ್ಲವೇ? ಭವ್ಯ ಅನ್ನುವುದು ವಸ್ತುವಿನಲ್ಲಿ ಇದೆಯಾ, ಇಲ್ಲ ನೋಡಲು ಬಂದವನ ತಲೆಯಲ್ಲಿ ಇದೆಯಾ? ಇನ್ನೊಂದು. ಡಿಸೆಂಬರ್‌ನಲ್ಲಿ ಇದೇ ಸಮುದ್ರ ಅಲೆ ಇಲ್ಲದೆ, ಸೂರ್ಯ ಇಳಿಯುವಾಗ ಸುಮ್ನೆ ಚೆಂದ ಕಾಣುತ್ತದೆ. ಒಂದೇ ನೀರು ಎರಡೂ ಆಗುತ್ತದಾ?

ಬಲ್ಲವರು ಹೇಳಿ. ಮುಂದಿನ ವಾರ ಮತ್ತೆ ಕ್ಲಾಸ್ ಇದೆ.

ತೋಟದ ಕಡೆಯವ, ಶಿರಸಿ

ಮೇಷ್ಟ್ರೇ, ಧಾರವಾಡದಲ್ಲಿ ಫಿಲಾಸಫಿ ಎಂ.ಎ. ಮಾಡಿ ಅಡಿಕೆ ತೋಟಕ್ಕೆ ವಾಪಸ್ ಬಂದವ ನಾನು. ಓದಿದ್ದು ಯಾರಿಗಾದರೂ ಹೇಳಲು ಸಿಗುವುದೇ ಅಪರೂಪ. ತಡೆದುಕೊಳ್ಳಿ.

ನೀವು ಕ್ಲಾಸಿನಲ್ಲಿ ಹೇಳಿದ್ದು ಹೆಚ್ಚಾಗಿ ಎಡ್ಮಂಡ್ ಬರ್ಕ್‌ನ ಮಾತು. ಡಬ್ಲಿನ್‌ನಲ್ಲಿ ಹುಟ್ಟಿದವ. 1757ರಲ್ಲಿ ಈ ವಿಷಯದ ಮೇಲೆ ಪುಸ್ತಕ ಬಂದಾಗ ಇನ್ನೂ ಮೂವತ್ತು ದಾಟಿರಲಿಲ್ಲ. ಅವನ ಲೆಕ್ಕ ಸರಳ. ಸುಂದರವಾದದ್ದು ಸಣ್ಣದು, ನುಣುಪು, ಮೂಲೆ ಮೊನೆ ಇಲ್ಲದ್ದು, ತಿಳಿ ಬಣ್ಣದ್ದು. ಅದು ಪ್ರೀತಿ ಹುಟ್ಟಿಸುತ್ತದೆ. ಭವ್ಯವಾದದ್ದು ದೊಡ್ಡದು, ಒರಟು, ಕತ್ತಲು, ಅಸ್ಪಷ್ಟ. ಅದರ ಬೇರು ಭಯ, ಜೀವ ಉಳಿಸಿಕೊಳ್ಳುವ ಆಸೆ. ಬರ್ಕ್ ಕೊಡುವ ಒಂದು ಉದಾಹರಣೆ ನಿಮಗೆ ನೇರ ಬೇಕಾದದ್ದು. ದೊಡ್ಡ ಬಯಲು ಕೂಡ ಸಮುದ್ರದಷ್ಟೇ ಅಗಲ ಇರಬಹುದು, ಆದರೆ ಸಮುದ್ರದಷ್ಟು ಮನಸ್ಸು ತುಂಬುವುದಿಲ್ಲ. ಯಾಕೆ ಅಂದರೆ ಸಮುದ್ರದ ಬಗ್ಗೆ ಹೆದರಿಕೆ ಇದೆ, ಬಯಲಿನ ಬಗ್ಗೆ ಇಲ್ಲ.

ಆದರೆ ಒಂದು ಷರತ್ತು ಹಾಕುತ್ತಾನೆ. ಅಪಾಯ ತೀರಾ ಹತ್ತಿರ ಬಂದರೆ ಅದು ಬರೀ ಭಯ, ಅದರಲ್ಲಿ ಯಾವ ಸುಖವೂ ಇಲ್ಲ. ಸ್ವಲ್ಪ ದೂರ ಇರಬೇಕು. ನಿಮ್ಮ ನೆಂಟರು ನಿಂತ ಕಟ್ಟೆಯೇ ಆ ದೂರ.

ಶಬ್ದದ ಬಗ್ಗೆಯೂ ಬರೆದಿದ್ದಾನೆ. ಜಲಪಾತ, ಗುಡುಗು, ಫಿರಂಗಿ, ಇವುಗಳ ಸದ್ದೇ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ ಅಂತ. ಅದನ್ನು ಓದಿದಾಗ ನನಗೆ ನಮ್ಮ ಉಂಚಳ್ಳಿ ನೆನಪಾಯಿತು. ಅಘನಾಶಿನಿ 116 ಮೀಟರ್ ಕೆಳಗೆ ಬೀಳುವ ಜಾಗ. 1845ರಲ್ಲಿ ಲಷಿಂಗ್ಟನ್ ಅನ್ನುವ ಕಲೆಕ್ಟರ್ ಇದನ್ನು ‘ಕಂಡುಹಿಡಿದ’ ಅಂತ ಬ್ರಿಟಿಷರು ಅವನ ಹೆಸರು ಅಂಟಿಸಿದರು. ಹತ್ತಿರದ ಊರಿನವರಿಗೆ ಅದು ಮೊದಲೂ ಈಗಲೂ ಕೆಪ್ಪ ಜೋಗ, ಸದ್ದಿಗೆ ಕಿವಿ ಕೆಪ್ಪಾಗುವ ಜೋಗ.

ಇನ್ನು ಜರ್ಮನ್ ತತ್ವಜ್ಞಾನಿ ಕಾಂಟ್. 1790ರ ಪುಸ್ತಕ. ಅವನು ಬರ್ಕ್‌ನನ್ನು ಓದಿ ಇಡೀ ವಿಷಯವನ್ನು ತಿರುಗಿಸಿ ಇಟ್ಟ. ಭವ್ಯ ಸಮುದ್ರದಲ್ಲಿ ಇಲ್ಲ, ನಮ್ಮೊಳಗೆ ಇದೆ ಅಂದ. ಎರಡು ಬಗೆ ಮಾಡಿದ. ಒಂದು, ಕಣ್ಣು ಮತ್ತು ಕಲ್ಪನೆ ಅಳೆಯಲು ಹೋಗಿ ಸೋಲುವಷ್ಟು ದೊಡ್ಡದು. ಇನ್ನೊಂದು, ನಮ್ಮನ್ನು ಕ್ಷಣದಲ್ಲಿ ಮುಗಿಸಿಬಿಡುವಷ್ಟು ಬಲ ಇರುವಂಥದ್ದು: ತಲೆ ಮೇಲೆ ಬಾಗಿದ ಬಂಡೆ, ಸಿಡಿಲಿನ ಮೋಡ, ಜ್ವಾಲಾಮುಖಿ, ಉಕ್ಕುವ ಕಡಲು. ದೇಹ ಸೋಲುತ್ತದೆ, ಆದರೆ ಸೋಲನ್ನು ಕಂಡು ನಿಲ್ಲುವ ಬುದ್ಧಿ ಒಂದು ನಮ್ಮಲ್ಲಿದೆ, ಅದು ಸೋಲುವುದಿಲ್ಲ. ಆ ಅರಿವೇ ಭವ್ಯ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ಕಾಂಟ್ ಉತ್ತರ ಸುಲಭ: ಡಿಸೆಂಬರ್ ನೀರೂ ಅದೇ, ಜುಲೈ ನೀರೂ ಅದೇ, ಒಳಗೆ ಆಗುವ ಕೆಲಸ ಬೇರೆ. ಇಷ್ಟೆಲ್ಲ ಬರೆದ ಮನುಷ್ಯ ತನ್ನ ಊರು ಕೋನಿಗ್ಸ್‌ಬರ್ಗ್ ಸುತ್ತಮುತ್ತ ಬಿಟ್ಟು ಎಲ್ಲೂ ಹೋದವನಲ್ಲ. ಆಲ್ಪ್ಸ್ ನೋಡಿಯೇ ಇಲ್ಲ.

ನಿಮ್ಮ ಹುಡುಗನ ಪ್ರಶ್ನೆ ಕಾಂಟ್‌ಗೂ ಗೊತ್ತಿತ್ತು ಅನ್ನುವುದು ಮಜಾ. ಸೋಸ್ಯೂರ್ ಅಂತ ಒಬ್ಬ ವಿಜ್ಞಾನಿ, 1787ರಲ್ಲಿ ಮೌಂಟ್ ಬ್ಲಾಂಕ್ ಹತ್ತಿದವ. ಅವನು ಹೇಳಿದ ಸುದ್ದಿ: ಸವಾಯ್ ಪ್ರಾಂತ್ಯದ ಒಬ್ಬ ರೈತ, ಹಿಮದ ಬೆಟ್ಟ ನೋಡಲು ಬರುವವರೆಲ್ಲ ಹುಚ್ಚರು ಅಂದನಂತೆ. ಕಾಂಟ್ ಅದನ್ನು ಎತ್ತಿಕೊಂಡು, ರೈತ ಒಳ್ಳೆಯವ, ಬುದ್ಧಿವಂತನೇ, ಆದರೆ ಸಂಸ್ಕಾರ ಸಾಲದವನಿಗೆ ಭವ್ಯವಾದದ್ದು ಬರೀ ಭಯಂಕರವಾಗಿ ಕಾಣುತ್ತದೆ ಅನ್ನುತ್ತಾನೆ.

ಇಲ್ಲಿ ನಾನು ಸವಾಯ್ ರೈತನ ಕಡೆ. ಜುಲೈ ಬಂತು ಅಂದರೆ ಅಡಿಕೆಗೆ ಕೊಳೆ ರೋಗದ ಚಿಂತೆ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಔಷಧಿ ಹೊಡೆಸಲು ಒಂದೆರಡು ದಿನ ಮಳೆ ಬಿಡುವು ಕೊಡಬೇಕು. ಆ ಹೊತ್ತಿಗೆ ಬೆಂಗಳೂರಿನ ಗಾಡಿಗಳು ನಮ್ಮ ರಸ್ತೆಯಲ್ಲಿ ‘ವಾವ್, ಎಂಥಾ ಮಳೆ’ ಅಂತ ಹೋಗುತ್ತಿರುತ್ತವೆ. ಫ್ರೀಡ್ರಿಕ್‌ನದ್ದೇ ಇನ್ನೊಂದು ಚಿತ್ರ ಇದೆಯಲ್ಲ, ಮಂಜಿನ ಕಡಲಿನ ಮೇಲೆ ಬಂಡೆ ತುದಿಯಲ್ಲಿ ಕೋಟು ಹಾಕಿ ನಿಂತವನದ್ದು, 1818ರ ಸುಮಾರಿನದ್ದು? ನಮ್ಮ ಕೊನೆಗೌಡ, ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಕೊಯ್ಯುವ, ಔಷಧಿ ಹೊಡೆಯುವ ಆಳು, ಪ್ರತಿ ಮಳೆಗಾಲ ಆ ಚಿತ್ರದಲ್ಲೇ ಇರುತ್ತಾನೆ. ಅಡಿಕೆ ಮರದ ತುದಿ, ಕೆಳಗೆ ಕಣಿವೆ ತುಂಬ ಮಂಜು. ಕೈಯಲ್ಲಿ ಕೋಲಿನ ಬದಲು ಔಷಧಿ ಗನ್ನು. ಮೇಲಿಂದ ಏನು ಕಾಣುತ್ತದೆ ಅಂತ ಒಮ್ಮೆ ಕೇಳಿದೆ. “ಆಚೆ ತೋಟದ ಅಡಿಕೆ ಕೊನೆ ಕಾಣ್ತದೆ. ನಿಮ್ದಕ್ಕಿಂತ ಚೊಲೋ ಇದೆ” ಅಂದ.

ಒಂದು ಅಡ್ಡಮಾತು ಹೇಳಿ ಮುಗಿಸುತ್ತೇನೆ. ಬರ್ಕ್ ಆಮೇಲೆ ರಾಜಕಾರಣಿ ಆದ. 1785ರಲ್ಲಿ ಪಾರ್ಲಿಮೆಂಟಿನಲ್ಲಿ ಆರ್ಕಾಟಿನ ನವಾಬನ ಸಾಲದ ಬಗ್ಗೆ ಭಾಷಣ ಮಾಡುವಾಗ ನಮ್ಮ ಹೈದರ್ ಅಲಿಯನ್ನು ವರ್ಣಿಸಿದ. ಬೆಟ್ಟದ ಇಳಿಜಾರಿನಲ್ಲಿ ಕಪ್ಪು ಮೋಡವಾಗಿ ಕೆಲವು ಹೊತ್ತು ನಿಂತು, ಆಮೇಲೆ ಒಮ್ಮೆಲೇ ಒಡೆದು ಕರ್ನಾಟಿಕ್ ಬಯಲಿನ ಮೇಲೆ ಸುರಿದ ಅಂತ. ಯುವಕನಾಗಿದ್ದಾಗ ಬರೆದ ಸಿದ್ಧಾಂತ ಪೂರ್ತಿ ಆ ಒಂದು ವಾಕ್ಯದಲ್ಲಿದೆ: ಕತ್ತಲು, ಕಾಯುವಿಕೆ, ಬಲ, ಭಯ. ಮನುಷ್ಯ ಭಾರತಕ್ಕೆ ಬಂದವನೇ ಅಲ್ಲ. ಘಟ್ಟದ ಮೇಲೆ ಮೋಡ ನಿಂತು ಸುರಿಯುವುದನ್ನು ಕಿವಿಯಲ್ಲಿ ಕೇಳಿಯೇ ಕಂಡನೋ ಏನೋ.

ಬೈತಖೋಲದ ಮಗಳು, ಈಗ ಹುಬ್ಬಳ್ಳಿ

ಸರ್, ನೀವು ಒಳ್ಳೆ ಮನಸ್ಸಿನಿಂದಲೇ ಕೇಳಿದ್ದೀರಿ. ಆದರೂ ಓದುವಾಗ ಸ್ವಲ್ಪ ಸಿಟ್ಟು ಬಂತು, ಹೇಳಿಬಿಡುತ್ತೇನೆ.

ನಮ್ಮಪ್ಪ ಪರ್ಸೀನ್ (ಸುತ್ತು ಬಲೆಯ) ಬೋಟಿನಲ್ಲಿ ದುಡಿದವರು. ನಾನು ಈಗ ಇಲ್ಲಿ ಆಫೀಸ್ ಕೆಲಸದಲ್ಲಿದ್ದೇನೆ. ಕಡಲಿನಲ್ಲಿ ದುಡಿಯುವವರಿಗೆ ಹೆದರಿಕೆ ಮಾತ್ರ ಗೊತ್ತು, ಚೆಂದ ನೋಡುವುದು ಹೊರಗಿನವರ ಕೆಲಸ ಅನ್ನುವ ಹಾಗೆ ಮಾತು ಸಾಗುತ್ತಿದೆ. ತೋಟದ ಅಣ್ಣ ರೈತನ ಪಕ್ಷ ಅಂತ ಹೇಳಿದರೂ ಕೊನೆಗೆ ಕೊನೆಗೌಡನ ಮಾತಿಗೆ ನಗಿಸಿಯೇ ಮುಗಿಸಿದರು. ಆ ಕೊನೆಗೌಡ ನಿಮಗೆ ಎಲ್ಲ ಹೇಳುತ್ತಾನಾ ಅಣ್ಣ? ಧಣಿ ಕೆಳಗೆ ನಿಂತು ಕೇಳಿದರೆ ಅವನು ತೋಟದ ಸುದ್ದಿಯೇ ಹೇಳುವುದು.

ಅಪ್ಪ ರಾತ್ರಿ ಕಡಲಲ್ಲಿ ನೀರು ಹೊಳೆಯುವುದನ್ನು ಹೇಳುತ್ತಿದ್ದರು. ಬಲೆ ಎಳೆಯುವಾಗ ನೀರಿನೊಳಗೆ ನೀಲಿ ಬೆಳಕು ಏಳುತ್ತದೆ, ಮೀನಿನ ಹಿಂಡು ತಿರುಗಿದ ಕಡೆ ಬೆಳಕೂ ತಿರುಗುತ್ತದೆ. ಅದನ್ನು ನೋಡಿಯೇ ಮೀನು ಎಲ್ಲಿದೆ ಅಂತ ಗೊತ್ತು ಮಾಡುತ್ತಿದ್ದರು. ಹೇಳುವಾಗ ದನಿ ಸಣ್ಣದಾಗುತ್ತಿತ್ತು. ಅದು ಕೆಲಸವೋ, ಚೆಂದವೋ, ಹೆದರಿಕೆಯೋ? ಮೂರೂ ಒಟ್ಟಿಗೇ ಇತ್ತು. ಬರ್ಕ್ ಸಾಹೇಬರ ಕಟ್ಟೆ ಅಲ್ಲಿ ಇರಲಿಲ್ಲ. ನಡುಗಡಲು.

ಆ ಹುಡುಗ ಬೋಟ್ ಎಲ್ಲಿ ಅಂತ ಕೇಳಿದ್ದು ಅವನಿಗೆ ಚಿತ್ರ ಅರ್ಥ ಆಗಲಿಲ್ಲ ಅಂತ ಅಲ್ಲ. ದಡದಲ್ಲಿ ಒಬ್ಬನೇ ನಿಂತು ಕಡಲು ನೋಡುವವರನ್ನು ಅವನು ಮನೆಯಲ್ಲೇ ಕಂಡಿದ್ದಾನೆ. ಗಾಳಿ ಎದ್ದ ದಿನ ನಮ್ಮಮ್ಮ ಹಾಗೇ ನಿಲ್ಲುತ್ತಿದ್ದರು. ಒಬ್ಬ ಮನುಷ್ಯ ಅಷ್ಟು ಹೊತ್ತು ನಿಂತಿದ್ದಾನೆ ಅಂದರೆ ಯಾರೋ ಬರಬೇಕಾಗಿದೆ. ಅವನು ಸರಿಯಾಗಿಯೇ ನೋಡಿದ್ದಾನೆ ಸರ್.

ಬಣ್ಣ ಬ್ರಷ್ಷು, ಧಾರವಾಡ

ಅಕ್ಕ ಹೇಳಿದ್ದು ಎಷ್ಟು ಸರಿ ಅನ್ನುವುದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. ನಾನು ಆರ್ಟ್ ಸ್ಕೂಲಿನಲ್ಲಿ ಕಲಿತವನು, ಈ ಚಿತ್ರದ ಹಿಂದೆ ಸಾಕಷ್ಟು ಬಿದ್ದಿದ್ದೇನೆ.

ಆ ಚಿತ್ರದಲ್ಲಿ ಹಡಗು ಇತ್ತು!

ಕ್ಯಾನ್ವಾಸನ್ನು ಇನ್‌ಫ್ರಾರೆಡ್‌ನಲ್ಲಿ ಪರೀಕ್ಷೆ ಮಾಡಿದಾಗ ಸಮುದ್ರದ ಮೇಲೆ ಫ್ರೀಡ್ರಿಕ್ ಮೊದಲು ಹಾಯಿ ಹಡಗುಗಳನ್ನು ಗುರುತು ಮಾಡಿದ್ದು ಕಂಡಿದೆ. ಆಮೇಲೆ ಅವನೇ ಅವುಗಳ ಮೇಲೆ ಬಣ್ಣ ಬಳಿದು ಮುಚ್ಚಿದ. ಆಕಾಶವನ್ನೂ ಮತ್ತೆ ಮತ್ತೆ ಬದಲಾಯಿಸಿದ. ಅಂದರೆ ಆ ಖಾಲಿತನ ಕಂಡದ್ದಲ್ಲ, ಮಾಡಿದ್ದು. ನಿಮ್ಮ ಹುಡುಗ ಮುಚ್ಚಿಟ್ಟ ಜಾಗಕ್ಕೇ ಬೆರಳು ಇಟ್ಟಿದ್ದಾನೆ.

ಅವನೊಬ್ಬನೇ ಅಲ್ಲ. 1809ರಲ್ಲಿ, ಚಿತ್ರ ಇನ್ನೂ ಸ್ಟುಡಿಯೋದಲ್ಲಿ ಇದ್ದಾಗ, ಮಾರಿ ಫಾನ್ ಕ್ಯೂಗೆಲ್‌ಗೆನ್ ಅನ್ನುವವಳು ನೋಡಿ ಪತ್ರದಲ್ಲಿ ಗೊಣಗಿದ್ದಾಳೆ. ಗಂಡನೂ ಚಿತ್ರಗಾರ, ಚಿತ್ರ ಗೊತ್ತಿಲ್ಲದವಳಲ್ಲ. ಬಿರುಗಾಳಿಯಾದರೂ ಇದ್ದಿದ್ದರೆ ಸ್ವಲ್ಪ ಜೀವ ಇರುತ್ತಿತ್ತು. ಅಷ್ಟು ದೊಡ್ಡ ಕಡಲಿನಲ್ಲಿ ಒಂದು ದೋಣಿ ಇಲ್ಲ, ಹಡಗಿಲ್ಲ, ಹೋಗಲಿ ಒಂದು ಕಡಲರಾಕ್ಷಸನೂ ಇಲ್ಲ ಅಂತ ಅವಳ ದೂರು. 1810ರಲ್ಲಿ ಬರ್ಲಿನ್ ಅಕಾಡೆಮಿಯಲ್ಲಿ ಪ್ರದರ್ಶನಕ್ಕೆ ಇಟ್ಟಾಗ ಲೇಖಕ ಕ್ಲೈಸ್ಟ್ ಬರೆದದ್ದು ಇನ್ನೂ ಪ್ರಸಿದ್ಧ. ಈ ಚಿತ್ರದ ಮುಂದೆ ನಿಂತರೆ ಕಣ್ಣಿನ ರೆಪ್ಪೆಯನ್ನೇ ಕತ್ತರಿಸಿ ತೆಗೆದ ಹಾಗಾಗುತ್ತದೆ ಅಂದ. ಎಲ್ಲೂ ಕಣ್ಣು ಮುಚ್ಚಿ ವಿಶ್ರಾಂತಿ ಇಲ್ಲ. ಪ್ರಶ್ಯದ ರಾಜನ ಮನೆಯವರು ಅದನ್ನು ಕೊಂಡುಕೊಂಡರು.

ತೋಟದ ಸರ್ ಕಾಂಟ್‌ನ ಒಂದು ಮುಖ್ಯ ಮಾತು ಬಿಟ್ಟರು. ಅದೇ ಪುಸ್ತಕದಲ್ಲಿ ಸಮುದ್ರವನ್ನು ಭವ್ಯ ಅಂತ ನೋಡುವುದು ಹೇಗೆ ಅಂತ ಹೇಳುತ್ತಾನೆ. ಜಲಚರಗಳ ಮನೆ ಅಂತ ನೋಡಬೇಡ. ಮೋಡಕ್ಕೆ ಹಬೆ ಕೊಡುವ ಜಾಗ ಅಂತ ನೋಡಬೇಡ. ದೇಶ ದೇಶಗಳ ನಡುವೆ ವ್ಯಾಪಾರದ ದಾರಿ ಅಂತಲೂ ನೋಡಬೇಡ. ಗೊತ್ತಿರುವುದನ್ನೆಲ್ಲ ಬದಿಗಿಟ್ಟು, ಕಣ್ಣಿಗೆ ಕಂಡಷ್ಟನ್ನು ಮಾತ್ರ ನೋಡು. ಶಾಂತ ಇದ್ದರೆ ಆಕಾಶವೇ ಅಂಚಾದ ಕನ್ನಡಿ, ಉಕ್ಕಿದರೆ ಎಲ್ಲ ನುಂಗುವ ಪಾತಾಳ. ಫ್ರೀಡ್ರಿಕ್ ಹಡಗು ಅಳಿಸಿದ್ದೂ ಇದೇ ಕೆಲಸ. ಮೀನು, ವ್ಯಾಪಾರ, ಮಳೆ ಎಲ್ಲ ತೆಗೆದು ಹಾಕಿದ ಮೇಲೆ ಉಳಿಯುವ ಕಡಲು. ನನಗೆ ಆ ಚಿತ್ರ ಈಗಲೂ ತುಂಬಾ ಇಷ್ಟ, ಅದು ಬೇರೆ ಮಾತು. ಆದರೆ ಅಷ್ಟು ಖಾಲಿ ಮಾಡಲು ಎಷ್ಟು ಅಳಿಸಬೇಕಾಯಿತು ಅನ್ನುವುದೂ ನನಗೆ ಚಿತ್ರದ ಭಾಗವೇ.

ಮುಂದಿನ ವಾರ ಇಂಗ್ಲೆಂಡಿನ ಚಿತ್ರಗಾರ ಟರ್ನರ್‌ನದ್ದು ತೋರಿಸಿ ಮೇಷ್ಟ್ರೇ. 1842ರ ಹಿಮ ಬಿರುಗಾಳಿಯ ಚಿತ್ರ, ಬಂದರಿನ ಬಾಯಿಯಲ್ಲಿ ಸಿಕ್ಕಿಬಿದ್ದ ಸ್ಟೀಮ್ ಬೋಟ್. ಅಲ್ಲಿ ನಿಲ್ಲಲು ಮರಳು ಇಲ್ಲ, ಕಟ್ಟೆ ಇಲ್ಲ, ದಿಗಂತವೇ ಇಲ್ಲ. ನೀರು, ಹಿಮ, ಹೊಗೆ ಎಲ್ಲ ಸುತ್ತಿ ನಡುವೆ ಬೋಟಿನ ಗಾಲಿ, ಕಂಬ. ಆ ಕಾಲದ ವಿಮರ್ಶಕರು ಸೋಪಿನ ನೊರೆ, ಸುಣ್ಣ ಅಂತ ನಕ್ಕರು. ನೋಡಲೆಂದು ತನ್ನನ್ನು ಹಡಗಿನ ಕಂಬಕ್ಕೆ ಕಟ್ಟಿಸಿಕೊಂಡಿದ್ದೆ ಅಂತ ಟರ್ನರ್ ಹೇಳಿಕೊಂಡ. ತಿಳಿದವರು ಅದನ್ನು ಅಷ್ಟಾಗಿ ನಂಬುವುದಿಲ್ಲ. ನನಗೆ ಬೇಕಾದದ್ದು ಆ ಕಂಬದ ಕಥೆ ಅಲ್ಲ, ಚಿತ್ರದ ಉದ್ದ ಹೆಸರು. ಆಳ ಕಡಿಮೆ ಇರುವ ಕಡೆ ಬೋಟು ಸಿಗ್ನಲ್ ಕೊಡುತ್ತಾ, ಸೀಸದ ಗುಂಡು ಇಳಿಸಿ ಆಳ ನೋಡಿಕೊಂಡು ಸಾಗುತ್ತಿದೆ ಅಂತ ಹೆಸರಿನಲ್ಲೇ ಬರೆದಿದ್ದಾನೆ. ಕಾಂಟ್ ಬದಿಗಿಡು ಅಂದದ್ದನ್ನೆಲ್ಲ ಟರ್ನರ್ ವಾಪಸ್ ತಂದು ಹೆಸರಿನಲ್ಲಿ ಕೂರಿಸಿದ. ಆ ಬಿರುಗಾಳಿಯಲ್ಲಿ ಕೆಲಸ ನಡೀತಾ ಇದೆ. ಬೈತಖೋಲದ ಮಕ್ಕಳಿಗೆ ಆ ಹೆಸರು ಓದಿ ಹೇಳಿ, ನಮಗಿಂತ ಜಾಸ್ತಿ ಅವರಿಗೆ ಕಾಣುತ್ತದೆ.

ಚಂಡೆ ಕೇಳಿದವ, ಹೊನ್ನಾವರ

ತಂಗೀ, ನಿನ್ನ ಅಪ್ಪನ ನೀಲಿ ಬೆಳಕಿನ ಮಾತು ಓದಿ ತುಂಬ ಹೊತ್ತು ಸುಮ್ಮನೆ ಕೂತೆ.

ನಾನು ಯಕ್ಷಗಾನ ನೋಡಿ ನೋಡಿ ಮುದುಕನಾದವನು, ನಿಮ್ಮಷ್ಟು ಯುರೋಪಿನದ್ದು ಓದಿಲ್ಲ. ಆದರೆ ದೂರ, ಭಯ, ಸುಖ ಈ ಲೆಕ್ಕ ನಮ್ಮಲ್ಲೂ ಇದೆ. ನಾಟ್ಯಶಾಸ್ತ್ರದಲ್ಲಿ ಭರತ ಹೇಳಿದ ಎಂಟು ರಸದಲ್ಲಿ ಭಯಾನಕ ಒಂದು, ಅದ್ಭುತ ಒಂದು. ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಭಯಾನಕಕ್ಕೆ ಯಾವ ಉದಾಹರಣೆ ಕೊಟ್ಟ ಗೊತ್ತಾ? ಶಾಕುಂತಲದ ಜಿಂಕೆ. ದುಷ್ಯಂತನ ಬಾಣಕ್ಕೆ ಹೆದರಿ ಓಡುತ್ತಾ, ಕತ್ತು ತಿರುಗಿಸಿ ರಥ ನೋಡುತ್ತದೆ. ಬಾಯಿಂದ ಅರ್ಧ ಅಗಿದ ದರ್ಭೆ ದಾರಿಯಲ್ಲಿ ಉದುರುತ್ತದೆ. ನೋಡುವವನಿಗೆ ಆಗುವ ಭಯ ಜಿಂಕೆಯದ್ದೂ ಅಲ್ಲ, ತನ್ನದೂ ಅಲ್ಲ. ಯಾವ ಕಾಲಕ್ಕೂ ಜಾಗಕ್ಕೂ ಅಂಟದ ಭಯ. ಅದಕ್ಕೇ ಅದು ರಸ. ಮತ್ತೆ ಆ ಜಿಂಕೆ ಎಷ್ಟು ಚೆಂದ! ಬರ್ಕ್ ಪ್ರೀತಿಯನ್ನು ಒಂದು ಕಡೆ, ಭಯವನ್ನು ಒಂದು ಕಡೆ ಇಟ್ಟ. ಕಾಳಿದಾಸ ಎರಡನ್ನೂ ಒಂದೇ ಪ್ರಾಣಿಯ ಕತ್ತಿನಲ್ಲಿ ಇಟ್ಟ.

ನಮ್ಮ ಯಾಣವೂ ಹಾಗೆ. ಭೈರವೇಶ್ವರ ಶಿಖರ 120 ಮೀಟರ್, ಕಪ್ಪು, ಚೂಪು. ಪಕ್ಕದಲ್ಲೇ 90 ಮೀಟರಿನ ಮೋಹಿನಿ ಶಿಖರ. ಅಟ್ಟಿಸಿಕೊಂಡು ಬಂದ ಭಸ್ಮಾಸುರ, ಕುಣಿದು ಕೊಂದ ಚೆಲುವೆ, ಎಲ್ಲ ಒಂದೇ ಕಾಡಿನಲ್ಲಿ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅನ್ನುತ್ತಿದ್ದರು ಹಿಂದೆ. ಈಗ ರೊಕ್ಕ ಇದ್ದವರೂ ಯಾಣಕ್ಕೇ ಹೋಗುತ್ತಾರೆ, ರಸ್ತೆ ಆಗಿದೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮವರ ರಸ ರಂಗದ ಮೇಲಿನದ್ದು, ಕಾವ್ಯದ್ದು. ನಿಜವಾದ ಬೆಟ್ಟ, ನಿಜವಾದ ಕಡಲಿಗೆ ಅದನ್ನು ಹಚ್ಚಲು ಅವರು ಹೋಗಲಿಲ್ಲ. ಹಳೇ ಆಟಗಳಲ್ಲಿ ರಾಕ್ಷಸನ ಬಣ್ಣದ ವೇಷ ಅಬ್ಬರಿಸಿ ಬರುವಾಗ ಮಕ್ಕಳು ಅಜ್ಜಿಯ ಸೆರಗಿನೊಳಗೆ ಮುಖ ಹಾಕಿ, ಮತ್ತೆ ಒಂದು ಕಣ್ಣಲ್ಲಿ ನೋಡುತ್ತಿದ್ದೆವು. ಅದು ವೇಷ ಅಂತ ಗೊತ್ತಿತ್ತು. ಬರ್ಕ್ ಇದಕ್ಕೆ ಉಲ್ಟಾ ಹೇಳುತ್ತಾನೆ ಅಂತ ಮಗ ಓದಿ ಹೇಳಿದ. ಊರಿನ ಅತ್ಯುತ್ತಮ ದುರಂತ ನಾಟಕ ನಡೆಯುತ್ತಿರಲಿ, ಪಕ್ಕದ ಚೌಕದಲ್ಲಿ ಒಬ್ಬ ದೊಡ್ಡ ಮನುಷ್ಯನಿಗೆ ಮರಣದಂಡನೆ ಆಗುತ್ತಿದೆ ಅಂದರೆ ಥಿಯೇಟರ್ ಕ್ಷಣದಲ್ಲಿ ಖಾಲಿ ಆಗುತ್ತದಂತೆ. ಕೇಳಲು ಕಹಿ. ಆದರೆ ಸುಳ್ಳು ಅನ್ನಲು ನನ್ನಿಂದ ಆಗುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿಯವರೆಗೆ ಮಣ್ಣು ಬಂತು, ಜನ ಸತ್ತರು. ಆಮೇಲೆ ಅಲ್ಲಿ ಕಾರು ನಿಲ್ಲಿಸಿ, ಗುಡ್ಡಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವವರನ್ನು ನಾನೇ ನೋಡಿದ್ದೇನೆ. ‘ಎಷ್ಟು ದೊಡ್ಡದು ನೋಡು’ ಅನ್ನುತ್ತಿದ್ದರು. ಅದನ್ನು ಯಾವ ರಸ ಅಂತ ಕರೆಯುತ್ತೀರಿ?

ಬೈತಖೋಲದ ಮಗಳು, ಈಗ ಹುಬ್ಬಳ್ಳಿ

ಅಜ್ಜಾ, ಅದಕ್ಕೆ ಹೆಸರು ಬೇಡ.

ಶಿರೂರಿನ ಮೇಲಿಂದ ಬಸ್ಸು ಹೋಗುವಾಗ ಈಗಲೂ ನಾನು ಹೊಳೆ ಕಡೆ ನೋಡುತ್ತೇನೆ, ಗುಡ್ಡದ ಕಡೆ ನೋಡುವುದಿಲ್ಲ. ಮೊದಲು ಆ ತಿರುವು ಬಂದರೆ ಕಿಟಕಿ ಸೀಟಿಗೆ ಜಗಳ ಆಡುತ್ತಿದ್ದೆವು, ಅಷ್ಟು ಚೆಂದದ ಜಾಗ. ಗುಡ್ಡ, ಹೊಳೆ ಎರಡೂ ಅಲ್ಲೇ ಇವೆ. ಕಾಂಟ್ ಅನ್ನುವವರು ಹೇಳಿದ್ದು ಅಷ್ಟರಮಟ್ಟಿಗೆ ನಿಜ ಇರಬೇಕು, ಬದಲಾದದ್ದು ನಾನು.

ಟರ್ನರ್ ಚಿತ್ರ ಈಗ ಮೊಬೈಲಿನಲ್ಲಿ ತೆಗೆದು ನೋಡಿದೆ. ಅಪ್ಪನಿಗೂ ಕಳಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ: “ಗಾಳಿ ಯಾವ ಕಡೆಯಿಂದ?” ಆಮೇಲೆ ಅವರೇ ಹೊಗೆ ನೋಡಿ ಹೇಳಿದರು. ಮತ್ತೆ ಹೇಳಿದ್ದು ಏನು ಗೊತ್ತಾ, ಇದನ್ನು ಮಾಡಿದವ ದಡದಲ್ಲಿ ನಿಂತು ಮಾಡಿಲ್ಲ ಅಂತ. ಕಂಬದ ಕಥೆ ನಾನು ಇನ್ನೂ ಹೇಳಿರಲಿಲ್ಲ.

ಡ್ರಾಯಿಂಗ್ ಮೇಷ್ಟ್ರು, ಕಾರವಾರ

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಅಳಿಸಿದ ಹಡಗಿನ ಸುದ್ದಿಯನ್ನು ಆ ಹುಡುಗನಿಗೆ ಇವತ್ತೇ ಹೇಳಿದೆ. “ಮತ್ತೆ ಯಾಕೆ ತೆಗೆದ ಸರ್?” ಅಂದ. ಅವನದ್ದು ಮುಗಿಯುವ ಜಾತಿಯಲ್ಲ.

ನೀವೆಲ್ಲ ಬರೆದದ್ದು ಓದುತ್ತಾ ನನಗೆ ಹೊಳೆದದ್ದು ನಮ್ಮ ಬೀಚಿನ ಹೆಸರಿನವರೇ. ಟಾಗೋರರು 1880ರ ದಶಕದ ಆರಂಭದಲ್ಲಿ ಇಲ್ಲಿ ಬಂದು ಉಳಿದಿದ್ದರು. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಟಾಗೋರರಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ನೆನಪಿನ ಬರಹದಲ್ಲಿ ಈ ದಂಡೆಯನ್ನು ವರ್ಣಿಸಿದ್ದಾರೆ. ಅರ್ಧಚಂದ್ರದ ಆಕಾರದ ದಂಡೆ, ಅನಂತವನ್ನು ಅಪ್ಪಿಕೊಳ್ಳಲು ಎರಡೂ ತೋಳು ಚಾಚಿದೆ ಅಂತ. ಅಂಚಿಗೆ ಗಾಳಿಮರದ ಕಾಡು, ಒಂದು ತುದಿಗೆ ಕಾಳಿ ನದಿ. ಇಷ್ಟು ಓದಿದರೆ ಇವರೂ ಫ್ರೀಡ್ರಿಕ್ ಪಾರ್ಟಿ ಅನ್ನಿಸುತ್ತದೆ, ಅಲ್ವಾ?

ಆದರೆ ಇಲ್ಲಿ ಕೂತು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’ ಬೇರೆಯೇ ಹೇಳುತ್ತದೆ. 1884ರಲ್ಲಿ ಅಚ್ಚಾಯಿತು. ಅದರಲ್ಲೂ ಒಬ್ಬ ಸನ್ಯಾಸಿ. ಎಲ್ಲ ಬಂಧ ಕಡಿದುಕೊಂಡು, ಪ್ರಕೃತಿಯನ್ನು ಗೆದ್ದು, ಅನಂತವನ್ನು ಹಿಡಿಯಲು ಹೊರಟವನು. ಒಬ್ಬಳು ಪುಟ್ಟ ಅನಾಥ ಹುಡುಗಿಯ ಪ್ರೀತಿ ಅವನನ್ನು ಲೋಕಕ್ಕೆ ಎಳೆದು ತರುತ್ತದೆ. ದೊಡ್ಡದು ಸಣ್ಣದರಲ್ಲೇ ಇದೆ, ಅಸೀಮ ಸೀಮೆಯೊಳಗೇ ಸಿಗುತ್ತದೆ ಅನ್ನುವುದು ಅದರ ತಿರುಳು ಅಂತ ಮುಂದೆ ಅವರೇ ಬರೆದುಕೊಂಡರು. ಬರ್ಲಿನ್ನಿನ ಸನ್ಯಾಸಿ ಇನ್ನೂ ಕಡಲು ನೋಡುತ್ತಾ ನಿಂತಿದ್ದಾನೆ. ಕಾರವಾರದಲ್ಲಿ ಹುಟ್ಟಿದ ಸನ್ಯಾಸಿ ಹಿಂದೆ ತಿರುಗಿದ. ನನಗೆ ಎರಡನೆಯವನೇ ಹೆಚ್ಚು ಧೈರ್ಯವಂತ ಅನ್ನಿಸುತ್ತಾನೆ. ಇದನ್ನು ತತ್ವಶಾಸ್ತ್ರದವರು ಒಪ್ಪಬೇಕಾಗಿಲ್ಲ.

ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋದದ್ದನ್ನೂ ಬರೆದಿದ್ದಾರೆ. ಗುಡ್ಡದ ಮೇಲಿನ ಹಳೇ ಕೋಟೆ ನೋಡಿ, ಒಬ್ಬ ರೈತನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು ಊಟ ಮಾಡಿ, ಹೊಳೆಯ ಬಾಯಿಯಿಂದ ಮರಳಿನ ಮೇಲೆ ನಡೆದು ಮನೆಗೆ ಬಂದರಂತೆ. ಆ ಅಂಗಳ ಆ ವರ್ಣನೆಯಲ್ಲಿ ಕಡಲಿನಷ್ಟೇ ಜಾಗ ಹಿಡಿಯುತ್ತದೆ. ಬರ್ಕ್‌ಗೆ ಕೊಟ್ಟಿದ್ದರೆ ಅಂಗಳ ಸುಂದರದ ಪಟ್ಟಿಗೆ, ಕಡಲು ಭವ್ಯದ ಪಟ್ಟಿಗೆ ಹೋಗುತ್ತಿತ್ತು.

ಹಾಗಾಗಿ ಮುಂದಿನ ಕ್ಲಾಸಿಗೆ ಪ್ಲಾನ್ ಹೀಗೆ. ಮೊದಲು ಟರ್ನರ್. ಆಮೇಲೆ ಫ್ರೀಡ್ರಿಕ್ ಚಿತ್ರದ ಒಂದು ದೊಡ್ಡ ಪ್ರಿಂಟ್ ಬೋರ್ಡಿಗೆ ಅಂಟಿಸಿ, ಅಳಿಸಿದ ಹಡಗಿನ ಜಾಗದಲ್ಲಿ ಬೇಕಾದದ್ದು ಬಿಡಿಸಲು ಹೇಳುತ್ತೇನೆ. ಏನೂ ಬೇಡ ಅನ್ನುವವರು ಖಾಲಿ ಬಿಡಬಹುದು, ಆದರೆ ಯಾಕೆ ಅಂತ ಹೇಳಬೇಕು. ಟರ್ನರ್‌ನ ಸೀಸದ ಗುಂಡಿನ ವಿಷಯ ಮಾತ್ರ ನನಗೇ ಸರಿಯಾಗಿ ಗೊತ್ತಿಲ್ಲ. ಹಗ್ಗಕ್ಕೆ ಕಟ್ಟಿ ಇಳಿಸುವುದಾ? ಗುರುತು ಹೇಗೆ ಮಾಡುತ್ತಾರೆ?

ತೋಟದ ಕಡೆಯವ, ಶಿರಸಿ

ಮೇಷ್ಟ್ರೇ, ಪಟ್ಟಿ ಮಾಡುವುದನ್ನು ಅಷ್ಟು ಹಗುರ ಮಾಡಬೇಡಿ. ಪಟ್ಟಿ ಮಾಡಿದ್ದಕ್ಕೇ ಅಲ್ವಾ ನಾವು ಇಷ್ಟು ಜಗಳ ಆಡಲು ಆದದ್ದು. ಮತ್ತೆ ಆ ತಂಗಿ ಹೇಳಿದ್ದು ಮನಸ್ಸಿಗೆ ತಾಗಿತು. ಇವತ್ತು ಮಳೆ ಬಿಟ್ಟಿತ್ತು, ಔಷಧಿ ಹೊಡೆದು ಮುಗಿದ ಮೇಲೆ ಕೊನೆಗೌಡನ ಜೊತೆ ಜಗುಲಿಯಲ್ಲಿ ಕೂತು ಚಾ ಕುಡಿದೆ. ಏನೂ ಕೇಳಲಿಲ್ಲ.

ಬೈತಖೋಲದ ಮಗಳು, ಈಗ ಹುಬ್ಬಳ್ಳಿ

ಸರ್, ಹಗ್ಗಕ್ಕೇ ಕಟ್ಟುವುದು. ನಡುನಡುವೆ ಬಟ್ಟೆ ಚೂರು ಗಂಟು ಹಾಕಿರುತ್ತಾರೆ, ಕತ್ತಲಲ್ಲಿ ಕೈಗೆ ತಾಗಿದರೆ ಎಷ್ಟು ಆಳ ಅಂತ ಗೊತ್ತಾಗುತ್ತದೆ. ಈಗ ಎಲ್ಲ ಬೋಟಿನಲ್ಲೂ ಮಷೀನ್ ಇದೆ, ಸ್ಕ್ರೀನ್ ನೋಡಿದರೆ ಆಯ್ತು. ಆದರೆ ಅಪ್ಪ ಹಳೇದನ್ನು ಬಿಸಾಕಿಲ್ಲ. ಬಂದರಿನ ಹತ್ತಿರ ಆ ಹುಡುಗನನ್ನೇ ಕಳಿಸಿ, ಅಪ್ಪ ಕೊಡುತ್ತಾರೆ. ಜುಲೈ ಮುಗಿಯುವುದರೊಳಗೆ ವಾಪಸ್ ಕೊಡಬೇಕಂತೆ. ಆಮೇಲೆ ಅವರು ಬೋಟಿನ ಹತ್ತಿರ ಇರುತ್ತಾರೆ, ಮನೆಯಲ್ಲಿ ಸಿಗುವುದಿಲ್ಲ.